ಚಾರ್ಜಾ, ಬ್ಲಾಕಿಂಗಾ: ರೆಫರಿ ನೋಡೋದು ಏನನ್ನ?

ಬೇಸ್‌ಲೈನ್_ಮೈಸೂರು

ಅಂಡರ್-16 ಹುಡುಗರಿಗೆ ಬಾಸ್ಕೆಟ್‌ಬಾಲ್ ಡಿಫೆನ್ಸ್ ಹೇಳಿಕೊಡುವವರಿಗೆ ಉಪಯೋಗ ಆಗೋ ಉತ್ತರ ಬೇಕು. ಆಡೋದು ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ, ಹುಡುಗರು ನೋಡೋದು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ. ಹಾಗಾಗಿ ಪ್ರತಿ ಫೌಲ್‌ಗೂ ಒಂದು ಜಗಳ: ಅದು ಚಾರ್ಜಾ (ಡಿಕ್ಕಿ ಹೊಡೆದ ಅಟ್ಯಾಕರ್‌ನ ಫೌಲ್), ಬ್ಲಾಕಿಂಗಾ (ದಾರಿಗೆ ಅಡ್ಡ ಬಂದ ಡಿಫೆಂಡರ್‌ನ ಫೌಲ್) ಅಂತ. ಮೂರು ಸಂದರ್ಭ ಬಿಡಿಸಿ ಹೇಳಿ.

ಒಂದು: ಡಿಫೆಂಡರ್ ಡ್ರಿಬ್ಲರ್ (ಚೆಂಡು ತಟ್ಟುತ್ತಾ ಬರುವವನು) ಎದುರು ಪಕ್ಕಕ್ಕೆ ಸರಿಯುತ್ತಾ ಹಿಂದೆ ಹೋಗ್ತಿದ್ದಾನೆ. ಡ್ರಿಬ್ಲರ್ ಬಂದು ಎದೆಗೆ ಗುದ್ದಿದ. ಡಿಫೆಂಡರ್ ನಿಂತಿರಲಿಲ್ಲ. ಯಾರ ಫೌಲ್?

ಎರಡು: ಬಾಸ್ಕೆಟ್ ಕೆಳಗೆ ಹೆಲ್ಪ್‌ಗೆ ಬಂದವನು ಎರಡೂ ಕಾಲೂರಿ ಅಲುಗಾಡದೆ ನಿಂತಿದ್ದ. ಲೇಅಪ್‌ಗೆ (ಬುಟ್ಟಿ ಹತ್ತಿರ ಹಾರಿ ಚೆಂಡು ಹಾಕೋಕೆ) ಹಾರಿದವನು ಅವನ ಮೇಲೆ ಬಿದ್ದ. ಬ್ಲಾಕಿಂಗ್ ಕೊಟ್ಟರು. ಯಾಕೆ?

ಮೂರು: ಮೂರು ಪಾಯಿಂಟ್ ಗೆರೆ ಹತ್ತಿರ ಡ್ರಿಬ್ಲರ್ ಸೊಂಟದ ಮೇಲೆ ಡಿಫೆಂಡರ್ ಕೈ. ಒಮ್ಮೆ ವಿಸಲ್, ಇನ್ನೊಮ್ಮೆ ಇಲ್ಲ. ಇದಕ್ಕೆ ಅಳತೆ ಅಂತ ಏನಾದರೂ ಇದೆಯಾ, ಇಲ್ಲ ರೆಫರಿ ಮನಸ್ಸಿಗೆ ಬಂದಂಗಾ?

---

ಲೀಡ್_ಅಂಪೈರ್

ಒಂದನೇದು ಚಾರ್ಜ್, ಅನುಮಾನವೇ ಬೇಡ. ‘ಡಿಫೆಂಡರ್ ನಿಂತಿರಬೇಕು’ ಅನ್ನೋದು ಗ್ಯಾಲರಿಯವರು ಮಾಡಿಕೊಂಡ ನಿಯಮ. ಫಿಬಾ ಪುಸ್ತಕದ 33ನೇ ವಿಧಿಯಲ್ಲಿ ಹಾಗೆ ಬರೆದೇ ಇಲ್ಲ.

ಅಲ್ಲಿರೋದು ಇಷ್ಟು. ಡಿಫೆಂಡರ್ ಮೊದಲು ಲೀಗಲ್ ಗಾರ್ಡಿಂಗ್ ಪೊಸಿಷನ್ ಹಿಡಿಯಬೇಕು. ಅದಕ್ಕೆ ಚೆಂಡಿದ್ದವನ ಕಡೆ ಮುಖ ಮಾಡಿರಬೇಕು, ಎರಡೂ ಪಾದ ನೆಲದ ಮೇಲಿರಬೇಕು, ಅಲ್ಲಿಗೆ ಬರುವಾಗ ಮೈ ತಾಗಿಸಿರಬಾರದು. ಒಂದು ಕ್ಷಣ ಹಾಗೆ ಸಿಕ್ಕರೆ ಸಾಕು. ಆಮೇಲೆ ಅದನ್ನು ಉಳಿಸಿಕೊಳ್ಳೋಕೆ ಪಕ್ಕಕ್ಕೆ ಸರಿಯಬಹುದು, ಹಿಂದಕ್ಕೆ ಹೋಗಬಹುದು, ನೇರ ಮೇಲಕ್ಕೆ ಹಾರಬಹುದು. ಸರಿಯುವಾಗ ಒಂದು ಪಾದವೋ ಎರಡೂ ಪಾದವೋ ಕ್ಷಣಕಾಲ ನೆಲ ಬಿಟ್ಟಿದ್ದರೂ ಪರವಾಗಿಲ್ಲ. ಚೆಂಡಿದ್ದವನ ಕಡೆಗೆ, ಅಂದರೆ ಮುಂದಕ್ಕೆ ಹೋಗುವಂತಿಲ್ಲ. ತಾಗಿದ್ದು ಎದೆ-ಹೊಟ್ಟೆ ಭಾಗಕ್ಕೆ ಆಗಿರಬೇಕು. ಹಾಗೆ ತಾಗಿದರೆ ಡಿಫೆಂಡರ್ ಆ ಜಾಗಕ್ಕೆ ಮೊದಲು ಬಂದವನು ಅಂತ ಲೆಕ್ಕ. ಪೆಟ್ಟು ತಗ್ಗಿಸಿಕೊಳ್ಳೋಕೆ ಕೊನೇ ಗಳಿಗೆಯಲ್ಲಿ ತನ್ನ ಸಿಲಿಂಡರ್ (ಮೈಸುತ್ತ ಅವನದೇ ಆದ ಜಾಗ) ಒಳಗೇ ಮೈ ತಿರುಗಿಸಿದರೂ ಅವನ ಹಕ್ಕು ಹೋಗಲ್ಲ. ಕೋಚ್‌ಗಳೇ ಇದನ್ನ ತಪ್ಪಾಗಿ ಹೇಳೋದು ಜಾಸ್ತಿ: ‘ಭುಜ ತಿರುಗಿಸಿದ, ಬ್ಲಾಕಿಂಗ್’ ಅಂತ ಕೂಗ್ತಾರೆ.

ಇನ್ನೊಂದು ದೊಡ್ಡ ಗೊಂದಲ ಸಮಯ ಮತ್ತು ದೂರದ್ದು. ಚೆಂಡು ಕೈಯಲ್ಲಿದ್ದವನಿಗೆ ಈ ಎರಡರ ರಿಯಾಯಿತಿ ಇಲ್ಲ. ಅವನ ಎದುರು ಯಾರಾದರೂ ಅರೆಕ್ಷಣದಲ್ಲಿ ಬಂದು ನಿಂತರೂ ನಿಲ್ಲೋಕೋ ದಿಕ್ಕು ಬದಲಿಸೋಕೋ ಅವನು ತಯಾರಿರಬೇಕು. ಚೆಂಡಿಲ್ಲದವನ ಲೆಕ್ಕ ಬೇರೆ. ಅವನ ವೇಗ ನೋಡಿ ಜಾಗ ಬಿಡಬೇಕು, ಒಂದು ಹೆಜ್ಜೆಗಿಂತ ಕಡಿಮೆ ಇಲ್ಲ. ಕಟ್ ಮಾಡ್ತಾ (ಚೆಂಡಿಲ್ಲದೆ ಥಟ್ಟನೆ ದಿಕ್ಕು ಬದಲಿಸಿ) ಓಡುವವನ ದಾರಿಗೆ ದಿಢೀರ್ ನುಗ್ಗಿ ‘ಎದೆಗೇ ತಾಗಿತಲ್ಲ ಸರ್’ ಅಂದರೆ ನಡೆಯಲ್ಲ.

ಹಾಗಾಗಿ ರೆಫರಿಯ ಕಣ್ಣು ಇರಬೇಕಾದ್ದು ಡ್ರಿಬ್ಲರ್ ಮೇಲಲ್ಲ, ಡಿಫೆಂಡರ್ ಮೇಲೆ. ಡ್ರಿಬ್ಲರ್ ಹೇಗಿದ್ದರೂ ಕಣ್ಣಿಗೆ ಬೀಳ್ತಾನೆ. ಡಿಫೆಂಡರ್ ಯಾವಾಗ ಬಂದ, ಹೇಗೆ ಬಂದ ಅನ್ನೋದು ತಾಗೋ ಮುಂಚಿನ ಅರ್ಧ ಸೆಕೆಂಡಿನಲ್ಲಿ ಮುಗಿದುಹೋಗಿರುತ್ತೆ. ಆ ಭಾಗ ನೋಡದೆ ಬರೀ ಡಿಕ್ಕಿ ನೋಡಿದವನು ಯಾರು ಜೋರಾಗಿ ಬಿದ್ದರು ಅಂತ ನೋಡಿ ತೀರ್ಪು ಕೊಡ್ತಾನೆ.

---

ಜಂಪ್‌ಬಾಲ್_ಹುಬ್ಬಳ್ಳಿ

ಎರಡನೇದು ಸುಲಭ ರೀ. ಬಾಸ್ಕೆಟ್ ಕೆಳಗಿನ ಅರ್ಧವೃತ್ತದೊಳಗೆ ನಿಂತಿದ್ದ, ಬ್ಲಾಕಿಂಗ್. ಮುಗೀತು.

---

ಲೀಡ್_ಅಂಪೈರ್

@ಜಂಪ್‌ಬಾಲ್_ಹುಬ್ಬಳ್ಳಿ ಅಲ್ಲಿಗೇ ಮುಗಿಯಲ್ಲ. ನೀವು ಹೇಳ್ತಿರೋದು ಎನ್‌ಬಿಎ ಪದ್ಧತಿ. ಅಲ್ಲಿ ಹೆಲ್ಪ್‌ಗೆ ಬಂದ ಡಿಫೆಂಡರ್ ಆ ಜಾಗದಲ್ಲಿ ಕಾಲಿಟ್ಟು ಡಿಕ್ಕಿ ಪಡೆದರೆ ಸಾಮಾನ್ಯವಾಗಿ ಬ್ಲಾಕಿಂಗೇ. ಫಿಬಾದಲ್ಲಿ ಆ ಅರ್ಧವೃತ್ತದ ಹೆಸರೇ ನೋ-ಚಾರ್ಜ್. ಚಾರ್ಜ್ ಕೊಡುವಂತಿಲ್ಲ ಅಂತ ಅರ್ಥ, ಬ್ಲಾಕಿಂಗ್ ಕೊಡಲೇಬೇಕು ಅಂತಲ್ಲ.

ನಿಯಮ ಅನ್ವಯ ಆಗಬೇಕಾದರೆ ಇಷ್ಟೂ ಇರಬೇಕು: ಅಟ್ಯಾಕರ್ ಅರ್ಧವೃತ್ತದ ಹೊರಗಿಂದ ಒಳಗೆ ಡ್ರೈವ್ ಮಾಡಿರಬೇಕು (ಚೆಂಡಿನ ಜೊತೆ ನುಗ್ಗಿರಬೇಕು), ಚೆಂಡು ಹಿಡಿದು ಗಾಳಿಯಲ್ಲಿರಬೇಕು, ಶಾಟ್ ಅಥವಾ ಪಾಸ್ ಪ್ರಯತ್ನ ಆಗಿರಬೇಕು, ಡಿಫೆಂಡರ್‌ನ ಒಂದಾದರೂ ಪಾದ ಆ ಜಾಗ ಮುಟ್ಟಿರಬೇಕು. ಗೆರೆಯೂ ಒಳಗಿನ ಲೆಕ್ಕವೇ, ಹಿಮ್ಮಡಿ ಗೆರೆ ಮುಟ್ಟಿದ್ದರೂ ಒಳಗೆ ಅಂತಲೇ.

ಈಗ ಪ್ರಶ್ನೆ ಕೇಳಿದವರ ಸಂದರ್ಭಕ್ಕೆ ಬನ್ನಿ. ಮೂರು ದಾರಿ.

ಅಟ್ಯಾಕರ್ ನೆಲ ಬಿಟ್ಟ ಮೇಲೆ ಡಿಫೆಂಡರ್ ದಾರಿಗೆ ಬಂದಿದ್ದರೆ ಬ್ಲಾಕಿಂಗ್. ಇದಕ್ಕೆ ಅರ್ಧವೃತ್ತದ ಗೊಡವೆಯೇ ಇಲ್ಲ, ಹತ್ತು ಅಡಿ ಹೊರಗೆ ಆಗಿದ್ದರೂ ಅದೇ. ಹಾರಿದವನಿಗೆ ಹಾರಿದ ಜಾಗದಲ್ಲೇ ಇಳಿಯೋ ಹಕ್ಕಿದೆ. ಬೇರೆ ಕಡೆ ಇಳಿಯೋದಾದರೂ, ಹಾರುವ ಹೊತ್ತಿಗೆ ಆ ಜಾಗವೂ ದಾರಿಯೂ ಖಾಲಿ ಇದ್ದರೆ ಅದು ಅವನದೇ.

ಮೊದಲೇ ಬಂದಿದ್ದ, ಪಾದ ಅರ್ಧವೃತ್ತದ ಹೊರಗೆ, ಎದೆಗೆ ತಾಗಿತು: ಚಾರ್ಜ್.

ಮೊದಲೇ ಬಂದಿದ್ದ, ಪಾದ ಅರ್ಧವೃತ್ತದಲ್ಲಿ, ಕೈ-ಸೊಂಟ-ಮೊಣಕಾಲು ಏನನ್ನೂ ಚಾಚಿರಲಿಲ್ಲ: ಯಾರದೂ ಫೌಲ್ ಅಲ್ಲ. ಆಟ ಮುಂದುವರಿಯುತ್ತೆ. ಶಾಟ್ ಒಳಗೆ ಹೋದರೆ ಎರಡು ಪಾಯಿಂಟ್, ಅಷ್ಟೇ. ನೀವು ಬರೆದ ಹಾಗೆಯೇ ಅವನು ನಿಜಕ್ಕೂ ಮೊದಲೇ ಬಂದು ನಿಂತಿದ್ದರೆ ಬ್ಲಾಕಿಂಗ್ ಕೊಟ್ಟಿದ್ದು ತಪ್ಪು ತೀರ್ಪು. ಆದರೆ ಇಂಥ ಕಡೆ ಹತ್ತಕ್ಕೆ ಹತ್ತು ಕೋಚ್‌ಗಳೂ ‘ಮೊದಲೇ ನಿಂತಿದ್ದ’ ಅಂತಲೇ ಹೇಳೋದು. ವಿಡಿಯೊ ಇದ್ದರೆ ಡಿಫೆಂಡರ್ ಬಿಟ್ಟು ಅಟ್ಯಾಕರ್‌ನ ಕೊನೇ ಪಾದ ನೆಲ ಬಿಡೋ ಫ್ರೇಮಿನಲ್ಲಿ ನಿಲ್ಲಿಸಿ. ಆ ಫ್ರೇಮಿನಲ್ಲಿ ಡಿಫೆಂಡರ್‌ನ ಎರಡೂ ಪಾದ ಎಲ್ಲಿವೆ ನೋಡಿ.

ನೋ-ಚಾರ್ಜ್ ಅಂದ ಮಾತ್ರಕ್ಕೆ ಅಟ್ಯಾಕರ್‌ಗೆ ಪೂರ್ತಿ ಬಿಡುಗಡೆ ಇಲ್ಲ. ಮೊಣಕೈಯಿಂದ ತಳ್ಳಿದರೆ, ಮೊಣಕಾಲು ಎತ್ತಿ ಎದೆಗೆ ಕೊಟ್ಟರೆ ಅರ್ಧವೃತ್ತದೊಳಗೂ ಅವನದೇ ಫೌಲ್.

---

ಔಟ್‌ಡೋರ್_ಕೋರ್ಟ್

ಶಾಲಾ ಮೈದಾನಗಳ ಸಿಮೆಂಟ್ ಕೋರ್ಟ್‌ಗಳಲ್ಲಿ ಈ ಅರ್ಧವೃತ್ತ ಇರೋದೇ ಅಪರೂಪ. ಫಿಬಾ ಇದನ್ನ ತಂದಿದ್ದು 2010ರಲ್ಲಿ, ಮೂರು ಪಾಯಿಂಟ್ ಗೆರೆ 6.25ರಿಂದ 6.75 ಮೀಟರಿಗೆ ಹೋದಾಗಲೇ. ಅದಕ್ಕೂ ಹಿಂದೆ ಬಳಿದ ಕೋರ್ಟ್‌ಗಳು ಹಾಗೇ ಉಳಿದಿವೆ. ನೀವೇ ಬಳಿಯೋದಾದರೆ ಅಳತೆ:

ರಿಂಗ್ ಮಧ್ಯದಿಂದ ತೂಕದ ದಾರ ಇಳಿಬಿಟ್ಟು ನೆಲದ ಮೇಲೆ ಬಿಂದು ಗುರುತಿಸಿ. ಎಂಡ್‌ಲೈನಿನ (ಬುಟ್ಟಿ ಹಿಂದಿನ ಗೆರೆಯ) ಒಳಅಂಚಿನಿಂದ ಆ ಬಿಂದು 1.575 ಮೀಟರ್ ಇರಬೇಕು. ಬರಲಿಲ್ಲ ಅಂದರೆ ಪೋಲೇ ಸರಿದಿದೆ ಅಥವಾ ಬೋರ್ಡ್ ಬಾಗಿದೆ, ಮೊದಲು ಅದನ್ನು ನೋಡಿ. ಆ ಬಿಂದುವಿನಿಂದ 1.25 ಮೀಟರ್ ದಾರದಲ್ಲಿ ಅರ್ಧವೃತ್ತ ಎಳೆಯಿರಿ. ಈ 1.25 ಗೆರೆಯ ಒಳಅಂಚಿಗೆ, 5 ಸೆಂ.ಮೀ. ಅಗಲ ಅದರ ಹೊರಕ್ಕೆ ಬರಬೇಕು. ದಾರವನ್ನ ಗೆರೆಯ ಹೊರಅಂಚಿಗೆ ಹಿಡಿದು ಬಳಿದರೆ ಇಡೀ ಜಾಗ 5 ಸೆಂ.ಮೀ. ಚಿಕ್ಕದಾಗುತ್ತೆ. ಅರ್ಧವೃತ್ತದ ಎರಡೂ ತುದಿಯಿಂದ ಎಂಡ್‌ಲೈನ್ ಕಡೆಗೆ 37.5 ಸೆಂ.ಮೀ. ನೇರ ಗೆರೆ ಬೇಕು. ಅವು ಬೋರ್ಡಿನ ಮುಖದ ಕೆಳಗೆ, ಎಂಡ್‌ಲೈನಿನಿಂದ 1.20 ಮೀಟರಿಗೆ ನಿಲ್ಲುತ್ತವೆ.

ಗೆರೆ ಇಲ್ಲದ ಕೋರ್ಟ್‌ನಲ್ಲಿ ಪಂದ್ಯ ಇದ್ದರೆ ಟಾಸ್‌ಬಾಲ್‌ಗೂ ಮುಂಚೆ ಎರಡೂ ಕೋಚ್‌ಗಳು ರೆಫರಿ ಹತ್ತಿರ ಹೋಗಿ ‘ಇದನ್ನ ಹೇಗೆ ನೋಡ್ತೀರಿ’ ಅಂತ ಕೇಳಿಬಿಡಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಕೇಳೋ ಪ್ರಶ್ನೆ ಅಲ್ಲ ಅದು.

---

ಹ್ಯಾಂಡ್‌ಚೆಕ್_ಮಂಗಳೂರು

ಮೂರನೇ ಪ್ರಶ್ನೆಗೆ. ಕೈ ತಾಗಿದ್ದೇ ಫೌಲ್ ಅಂತ ಎಲ್ಲೂ ಇಲ್ಲ. ಫಿಬಾ ನೇರವಾಗಿಯೇ ಹೇಳುತ್ತೆ: ಕೈಯಿಂದ ಮುಟ್ಟೋದು ತಾನಾಗಿಯೇ ಫೌಲ್ ಆಗಬೇಕಿಲ್ಲ, ಅದರಿಂದ ಅನ್ಯಾಯದ ಲಾಭ ಸಿಕ್ಕಿತಾ ಅನ್ನೋದನ್ನ ನೋಡಿ. ಈ ‘ಲಾಭ’ ಅನ್ನೋದನ್ನ ಕಣ್ಣಳತೆಗೆ ತರೋಕೆ ರೆಫರಿಗಳು ನಾಲ್ಕು ವಿಷಯ ನೋಡ್ತಾರೆ: ಡ್ರಿಬ್ಲರ್‌ನ ಲಯ, ವೇಗ, ಸಮತೋಲನ, ಚುರುಕು. ರೆಫರಿ ತರಬೇತಿಯಲ್ಲಿ ಆರ್‌ಎಸ್‌ಬಿಕ್ಯೂ (ರಿದಮ್, ಸ್ಪೀಡ್, ಬ್ಯಾಲೆನ್ಸ್, ಕ್ವಿಕ್‌ನೆಸ್) ಅನ್ನೋದು ಇದನ್ನೇ. ಕೈ ಬಿದ್ದ ಮೇಲೆ ಡ್ರಿಬಲ್‌ನ ಎತ್ತರ ಬದಲಾಯಿತಾ, ಹೆಜ್ಜೆ ತಪ್ಪಿತಾ, ಹೋಗಬೇಕಿದ್ದ ನೇರ ದಾರಿ ವಾಲಿತಾ? ಹೌದಾದರೆ ವಿಸಲ್. ಏನೂ ಆಗದೆ ಅವನು ದಾಟಿ ಹೋದರೆ ವಿಸಲ್ ಊದಿ ಅವನ ಲೇಅಪ್ ಕಿತ್ತುಕೊಳ್ಳೋದು ಯಾವ ನ್ಯಾಯ? ನಿಮಗೆ ‘ಒಮ್ಮೆ ಇದೆ, ಒಮ್ಮೆ ಇಲ್ಲ’ ಅನ್ನಿಸೋದರ ಅರ್ಧ ಕಾರಣ ಇದೇ. ಕೈ ಒಂದೇ ಥರ ಇತ್ತು, ಪರಿಣಾಮ ಬೇರೆ ಇತ್ತು.

ಆದರೆ ಎಲ್ಲವನ್ನೂ ಪರಿಣಾಮಕ್ಕೆ ಬಿಟ್ಟಿಲ್ಲ. ಕೈ ಇಟ್ಟು ಅಲ್ಲೇ ಉಳಿಸಿ ಅವನ ನಡೆಗೆ ತಡೆ ಹಾಕಿದರೆ ಫೌಲ್. ಪದೇ ಪದೇ ಚುಚ್ಚಿದಂತೆ ಮುಟ್ಟಿದರೂ ಫೌಲ್, ಪ್ರತಿ ಸಲ ಮುಟ್ಟಿದ್ದು ಹಗುರವಾಗಿದ್ದರೂ. ಹಾಗೆ ಬಿಟ್ಟರೆ ಆಟ ಒರಟಾಗುತ್ತೆ ಅನ್ನೋದೇ ಅದಕ್ಕೆ ಕೊಟ್ಟಿರೋ ಕಾರಣ. ಅಮೆರಿಕದ ಕಾಲೇಜು ಪುರುಷರ ಆಟದಲ್ಲಿ 2013-14ರಲ್ಲಿ ಇದನ್ನ ಇನ್ನೂ ಬಿಗಿ ಮಾಡಿದರು. ಚೆಂಡಿದ್ದವನ ಮೇಲೆ ಕೈಯೋ ಮುಂಗೈಯೋ ಇಟ್ಟು ಉಳಿಸೋದು, ಎರಡೂ ಕೈ ಇಡೋದು, ಪದೇ ಪದೇ ಚುಚ್ಚೋದು, ಮುಂಗೈಯನ್ನ ಅಡ್ಡಗಂಬಿ ಮಾಡೋದು, ಈ ನಾಲ್ಕಕ್ಕೂ ಪರಿಣಾಮ ನೋಡದೆ ಫೌಲ್. ನಿಮ್ಮ ಹುಡುಗರಿಗೆ ಹೇಳಿಕೊಡೋಕೆ ಈ ನಾಲ್ಕರ ಪಟ್ಟಿ ಒಳ್ಳೇದು. ಫಿಬಾ ಪಂದ್ಯದಲ್ಲೂ ವಿಸಲ್ ಬರೋದು ಹೆಚ್ಚುಕಡಿಮೆ ಈ ನಾಲ್ಕಕ್ಕೇ.

ಡ್ರಿಬ್ಲರ್ ಕೈ ಮರೀಬೇಡಿ. ಪಕ್ಕದಿಂದ ದಾಟುವಾಗ ಡಿಫೆಂಡರ್ ಸೊಂಟಕ್ಕೆ ತೋಳು ಸುತ್ತೋದು, ಜಾಗ ಮಾಡಿಕೊಳ್ಳೋಕೆ ಮುಂಗೈ ಚಾಚಿ ತಳ್ಳೋದು, ಎರಡೂ ಅವನ ಫೌಲ್. ಚೆಂಡು ಕಾಯೋಕೆ ತೋಳು ಮಡಚಿ ಮೈಗೆ ಹತ್ತಿರ ಇಟ್ಟುಕೊಂಡರೆ ತಪ್ಪಿಲ್ಲ. ಮೊಣಕೈ ನೇರ ಆಗಿ ಡಿಫೆಂಡರ್ ಹಿಂದೆ ಹೋದ ಅಂದರೆ ತಪ್ಪು. ಕ್ರಾಸ್‌ಓವರ್ (ಚೆಂಡನ್ನ ಒಂದು ಕೈಯಿಂದ ಇನ್ನೊಂದಕ್ಕೆ ತಟ್ಟಿ ದಿಕ್ಕು ಬದಲಿಸೋದು) ನಂತರ ಆ ಖಾಲಿ ಕೈ ಏನು ಮಾಡ್ತು ಅಂತ ನೋಡೋ ರೆಫರಿ ಕಡಿಮೆ. ಎಲ್ಲರ ಕಣ್ಣೂ ಚೆಂಡಿನ ಹಿಂದೆ ಹೋಗಿಬಿಡುತ್ತೆ.

---

ಬೇಸ್‌ಲೈನ್_ಮೈಸೂರು

ಧನ್ಯವಾದ, ತುಂಬಾ ಸ್ಪಷ್ಟ ಆಯ್ತು. ಇನ್ನೊಂದು ಉಳೀತು. ಡ್ರಿಬ್ಲರ್ ಪಕ್ಕದಿಂದ ದಾಟ್ತಿದ್ದಾನೆ, ಎದೆಗೆ ತಾಗಲ್ಲ, ಭುಜಕ್ಕೆ ಭುಜ ಅಥವಾ ಸೊಂಟಕ್ಕೆ ಮೊಣಕಾಲು ತಾಗುತ್ತೆ. ಅದನ್ನ ಹೇಗೆ ನೋಡಬೇಕು? ಮತ್ತೆ ಶಾಟ್ ತಡೆಯೋಕೆ ಹಾರಿದ ದೊಡ್ಡ ಹುಡುಗನಿಗೆ ಮೈ ತಾಗಿದ ಕೂಡಲೇ ಫೌಲ್ ಕೊಡ್ತಾರಲ್ಲ?

---

ಲೀಡ್_ಅಂಪೈರ್

ಭುಜ-ಸೊಂಟದ ಡಿಕ್ಕಿ ಆದರೆ ಮೊದಲ ಅನುಮಾನ ಡಿಫೆಂಡರ್ ಮೇಲೆ. ಎದೆ ತರೋಕೆ ಆಗಲಿಲ್ಲ ಅಂದರೆ ಆ ಜಾಗಕ್ಕೆ ತಡವಾಗಿ ಬಂದ ಅಂತಲೇ ಸಾಮಾನ್ಯ ಅರ್ಥ. ಪಾದ ಸರಿಸದೆ ಸೊಂಟ ಹೊರಗೆ ಹಾಕೋದು, ಮೊಣಕಾಲು ಚಾಚೋದು, ತೋಳು ಬೇಲಿ ಮಾಡೋದು ಎಲ್ಲ ಬ್ಲಾಕಿಂಗ್. ಅಮೆರಿಕದ ಹೈಸ್ಕೂಲ್ ನಿಯಮದಲ್ಲಿ ಇದಕ್ಕೊಂದು ಒಳ್ಳೇ ಗುರುತು ಕೊಟ್ಟಿದ್ದಾರೆ: ಡ್ರಿಬ್ಲರ್‌ನ ತಲೆ ಮತ್ತು ಭುಜ ಡಿಫೆಂಡರ್‌ನ ದಾಟಿ ಮುಂದೆ ಹೋಗಿದ್ದರೆ, ಆಮೇಲಿನ ತಾಗುವಿಕೆಯ ಹೊಣೆ ಹೆಚ್ಚಾಗಿ ಡಿಫೆಂಡರ್‌ದು. ಡ್ರಿಬ್ಲರ್ ಕೂಡ ಇಬ್ಬರ ನಡುವೆ ಜಾಗವೇ ಇಲ್ಲದ ಕಡೆ ತೂರೋಕೆ ಹೋದರೆ, ಅಥವಾ ಭುಜ ತಗ್ಗಿಸಿ ಎದೆಗೆ ಕೊಟ್ಟರೆ, ಲೆಕ್ಕ ತಿರುಗುತ್ತೆ.

ಹಾರಿದವನ ವಿಷಯಕ್ಕೆ ಸಿಲಿಂಡರ್ ಮತ್ತು ವರ್ಟಿಕಾಲಿಟಿ (ನೇರ ಮೇಲಿನ ಜಾಗದ ಹಕ್ಕು) ನೋಡಬೇಕು. ಡಿಫೆಂಡರ್‌ನ ಸಿಲಿಂಡರ್ ಮುಂದೆ ಅಂಗೈವರೆಗೆ, ಹಿಂದೆ ಪೃಷ್ಠದವರೆಗೆ, ಪಕ್ಕಕ್ಕೆ ಕೈಕಾಲುಗಳ ಹೊರಅಂಚಿನವರೆಗೆ. ಕೈ ಮುಂದಕ್ಕೆ ಚಾಚಬಹುದಾದ್ದು ಪಾದ-ಮೊಣಕಾಲು ಇರೋಷ್ಟು ದೂರಕ್ಕೆ ಮಾತ್ರ. ಈ ಜಾಗದ ಮೇಲಿನ ಗಾಳಿಯೂ ಅವನದೇ. ನೇರ ಮೇಲೆ ಹಾರಿ ತೋಳು ನೆಟ್ಟಗೆ ಇಟ್ಟಿದ್ದರೆ ಶೂಟರ್ ಬಂದು ಎದೆಗೆ ತಾಗಿದರೂ ಡಿಫೆಂಡರ್‌ಗೆ ಫೌಲ್ ಇಲ್ಲ. ಕೆಡೋದು ಎರಡು ಕಡೆ. ಓಡಿ ಬಂದು ಹಾರಿದವನು ತನಗೆ ಗೊತ್ತಿಲ್ಲದೆ ಒಂದಡಿ ಮುಂದಕ್ಕೆ ತೇಲಿರ್ತಾನೆ. ಇಲ್ಲ, ಮೇಲೆ ಹೋಗುವಾಗ ನೆಟ್ಟಗಿದ್ದ ಕೈ ಚೆಂಡು ಕಂಡ ಕೂಡಲೇ ಮುಂದಕ್ಕೆ ಬಾಗುತ್ತೆ. ಅಭ್ಯಾಸದಲ್ಲಿ ಎರಡು ಕಾಲಿನಿಂದ ಹಾರಿಸಿ, ಹಾರಿದಲ್ಲೇ ಇಳಿದನಾ ಅಂತ ನೆಲದ ಮೇಲೆ ಚಾಕ್ ಗೆರೆ ಹಾಕಿ ನೋಡಿ. ಒಂದು ಕಾಲಿನಿಂದ ಹಾರಿದವನು ನೇರ ಹೋಗೋದೇ ಕಷ್ಟ.

ಶೂಟರ್‌ಗೂ ಸಿಲಿಂಡರ್ ಇದೆ. ಚೆಂಡು ಹಿಡಿದು ಪಿವಟ್ ಮಾಡೋಕೆ (ಒಂದು ಪಾದ ಊರಿ ತಿರುಗೋಕೆ), ಪಾಸ್ ಮಾಡೋಕೆ, ಡ್ರಿಬಲ್ ಶುರು ಮಾಡೋಕೆ, ಶಾಟ್ ಹೊಡೆಯೋಕೆ ಬೇಕಾದಷ್ಟು ಜಾಗ ಅವನದು. ಮೂಗಿಗೆ ಮೂಗು ತಾಗಿಸಿ ನಿಂತ ಡಿಫೆಂಡರ್‌ಗೆ ಶೂಟರ್‌ನ ಸಹಜ ಚಲನೆಯಲ್ಲಿ ಮೊಣಕೈ ತಾಗಿದರೆ ಅದು ಡಿಫೆಂಡರ್ ಫೌಲ್. ಜಂಪ್ ಶಾಟ್ ಆದ ಮೇಲೆ ಇಳಿಯೋ ಜಾಗಕ್ಕೆ ಕಾಲು ತೂರಿಸೋದಂತೂ ಪಾದ ತಿರುಚೋ ಕೆಲಸ. ಇದನ್ನ ಹುಡುಗರಿಗೆ ಮೊದಲ ದಿನವೇ ಹೇಳಿ.

---

ಹ್ಯಾಂಡ್‌ಚೆಕ್_ಮಂಗಳೂರು

ಎನ್‌ಬಿಎ ನೋಡುವ ಹುಡುಗರಿಗೆ ಇನ್ನೊಂದು ವ್ಯತ್ಯಾಸ ಹೇಳಿ. ಅಲ್ಲಿ ಡಿಫೆಂಡರ್ ಬಂದಿರಬೇಕಾದ್ದು ಶೂಟರ್‌ನ ಮೇಲ್ಮುಖ ಶೂಟಿಂಗ್ ಚಲನೆ ಶುರುವಾಗೋ ಮುಂಚೆ. ಫಿಬಾದಲ್ಲಿ ಪಾದ ನೆಲ ಬಿಡೋ ಮುಂಚೆ. ಟಿವಿಯಲ್ಲಿ ಬ್ಲಾಕಿಂಗ್ ಆದ ಅದೇ ಡಿಕ್ಕಿ ನಿಮ್ಮ ಪಂದ್ಯದಲ್ಲಿ ಚಾರ್ಜ್ ಆಗಬಹುದು, ಇಬ್ಬರು ರೆಫರಿಗಳೂ ಸರಿಯೇ.

ಬುಟ್ಟಿಯ ಲೆಕ್ಕವೂ ಬೇರೆ. ಶೂಟರ್ ಚೆಂಡು ಬಿಟ್ಟ ಮೇಲೆ ಡಿಫೆಂಡರ್‌ಗೆ ಡಿಕ್ಕಿ ಹೊಡೆದು ಚಾರ್ಜ್ ಆದರೆ, ಒಳಗೆ ಹೋದ ಶಾಟ್ ಫಿಬಾದಲ್ಲಿ ಎಣಿಕೆಗೆ ಬರುತ್ತೆ, ಎನ್‌ಬಿಎಯಲ್ಲಿ ಬರಲ್ಲ. ಚೆಂಡು ಕೈಯಲ್ಲಿದ್ದಾಗಲೇ ಚಾರ್ಜ್ ಆದರೆ ಎರಡರಲ್ಲೂ ಬುಟ್ಟಿ ಇಲ್ಲ. ಆಗ ಅದು ಟೀಮ್ ಕಂಟ್ರೋಲ್ ಫೌಲ್, ಅಂದರೆ ಚೆಂಡಿದ್ದ ತಂಡವೇ ಮಾಡಿದ ಫೌಲ್. ಕ್ವಾರ್ಟರ್‌ನಲ್ಲಿ ನಾಲ್ಕು ಟೀಮ್ ಫೌಲ್ ದಾಟಿದ್ದರೂ ಫ್ರೀ ಥ್ರೋ ಇಲ್ಲ, ಎದುರು ತಂಡಕ್ಕೆ ಹತ್ತಿರದ ಗೆರೆಯಾಚೆಯಿಂದ ಚೆಂಡು. ಫಿಬಾದಲ್ಲಿ ಅದು ಆಟಗಾರನ ಐದು ಫೌಲ್‌ಗಳ ಲೆಕ್ಕಕ್ಕೂ ತಂಡದ ಫೌಲ್ ಲೆಕ್ಕಕ್ಕೂ ಸೇರುತ್ತೆ.

---

ಜಂಪ್‌ಬಾಲ್_ಹುಬ್ಬಳ್ಳಿ

ಇಷ್ಟೆಲ್ಲ ಗೊತ್ತಿದ್ದೂ ತಪ್ಪು ತೀರ್ಪು ಯಾಕೆ ಬರ್ತಾವ್ ರೀ ಹಂಗಾದ್ರೆ? ಇಬ್ಬರು ರೆಫರಿ ಇದ್ದರೂ ಒಬ್ಬ ಚಾರ್ಜ್ ಅಂತಾನ, ಇನ್ನೊಬ್ಬ ಬ್ಲಾಕಿಂಗ್ ಅಂತಾನ.

---

ಲೀಡ್_ಅಂಪೈರ್

ಹೆಚ್ಚಿನ ಸಲ ನಿಯಮ ಗೊತ್ತಿಲ್ಲದೆ ಅಲ್ಲ, ನಿಂತ ಜಾಗ ತಪ್ಪಿ. ಇಬ್ಬರು ಆಟಗಾರರ ನಡುವಿನ ಸಂದು ಕಾಣಬೇಕು. ಒಬ್ಬನ ಬೆನ್ನ ಹಿಂದೆ ನೇರ ಗೆರೆಯಲ್ಲಿ ನಿಂತರೆ ತಾಗಿತಾ ಇಲ್ಲವಾ ಅನ್ನೋದೇ ಕಾಣಲ್ಲ, ಬಿದ್ದಿದ್ದು ಮಾತ್ರ ಕಾಣುತ್ತೆ. ಒಂದೆರಡು ಹೆಜ್ಜೆ ಪಕ್ಕಕ್ಕೆ ಹೋಗಿದ್ದರೆ ಸಂದು ತೆರೆದುಕೊಳ್ಳುತ್ತಿತ್ತು. ತೀರಾ ಹತ್ತಿರ ಹೋದರೆ ಎಲ್ಲವೂ ವೇಗವಾಗಿ ಕಾಣುತ್ತೆ, ಪಾದ ಕಣ್ಣಿನ ವ್ಯಾಪ್ತಿಯಿಂದ ಹೊರಗೆ. ಓಡ್ತಾ ಓಡ್ತಾ ತೀರ್ಮಾನ ಮಾಡಿದರೆ ಚಿತ್ರ ಅಲುಗಾಡಿರುತ್ತೆ. ಡಿಕ್ಕಿಯ ಹೊತ್ತಿಗೆ ನಿಂತಿರಬೇಕು.

ಇಬ್ಬರ ಪದ್ಧತಿಯಲ್ಲಿ ಎಂಡ್‌ಲೈನ್ ಆಚೆ ಇರೋನು ಲೀಡ್, ಹಿಂದಿನಿಂದ ಬರೋನು ಟ್ರೇಲ್. ಟ್ರೇಲ್ ಕಡೆಯಿಂದ ಶುರುವಾದ ಡ್ರೈವ್‌ನಲ್ಲಿ ಡ್ರಿಬ್ಲರ್ ಮತ್ತವನ ಮೊದಲ ಡಿಫೆಂಡರ್ ಟ್ರೇಲ್ ಪಾಲು. ಒಳಗಿಂದ ಹೆಲ್ಪ್‌ಗೆ ಬರುವ ಎರಡನೇ ಡಿಫೆಂಡರ್ ಲೀಡ್ ಪಾಲು, ಅವನು ಬರೋದನ್ನ ಮೊದಲಿಂದ ನೋಡಿರೋನು ಲೀಡ್ ಒಬ್ಬನೇ. ಎರಡು ಥರ ಸಿಗ್ನಲ್ ಬರೋದು ಇಬ್ಬರೂ ವಿಸಲ್ ಊದಿದ ಕೂಡಲೇ ಆತುರದಲ್ಲಿ ಕೈ ತೋರಿಸಿದಾಗ. ಊದಿ, ಮುಷ್ಟಿ ಎತ್ತಿ, ಅಷ್ಟಕ್ಕೇ ನಿಲ್ಲಬೇಕು. ಎದುರಿನವನ ಕಣ್ಣು ನೋಡಿ, ಯಾರ ಪಾಲೋ ಅವನು ಮುಂದಿನ ಸಿಗ್ನಲ್ ಕೊಡಬೇಕು.

ನಾಟಕ ಬೇರೆ ಇದೆ. ಎದೆ ಮುಟ್ಟೋ ಮುಂಚೆಯೇ ಹಿಂದಕ್ಕೆ ಹಾರಿ ಬೀಳೋ ಡಿಫೆಂಡರ್, ತಲೆ ಹಿಂದಕ್ಕೆ ಒಗೆಯೋ ಡ್ರಿಬ್ಲರ್. ಫಿಬಾದಲ್ಲಿ ಇದಕ್ಕೆ ಮೊದಲು ಎಚ್ಚರಿಕೆ, ಮತ್ತೆ ಮಾಡಿದರೆ ಟೆಕ್ನಿಕಲ್ ಫೌಲ್, ಒಂದು ಫ್ರೀ ಥ್ರೋ. ಹುಡುಗರಿಗೆ ಬೀಳೋದು ಕಲಿಸುವ ಕೋಚ್‌ಗಳಿದ್ದಾರೆ. ಬೀಳೋದರಿಂದ ಚಾರ್ಜ್ ಸಿಗಲ್ಲ, ಪಾದ ಮೊದಲು ತಲುಪೋದರಿಂದ ಸಿಗುತ್ತೆ. ಬಿದ್ದವನು ರೀಬೌಂಡ್‌ಗೂ ಇರಲ್ಲ.

---

ಔಟ್‌ಡೋರ್_ಕೋರ್ಟ್

ಬೆಂಚಿನಲ್ಲಿ ಕೂತವರಿಗೆ: ಯಾವ ಫೌಲ್ ಅಂತ ಸ್ಕೋರರ್ ಟೇಬಲ್‌ಗೆ ತೋರಿಸೋ ಕೈಸನ್ನೆ ನೋಡಿಕೊಂಡು ಆಮೇಲೆ ವಾದಕ್ಕೆ ಎದ್ದೇಳಿ. ಎರಡೂ ಕೈ ಸೊಂಟದ ಮೇಲೆ ಅಂದರೆ ಬ್ಲಾಕಿಂಗ್. ಮುಷ್ಟಿಯಿಂದ ತೆರೆದ ಅಂಗೈಗೆ ಗುದ್ದಿದರೆ ಚೆಂಡಿದ್ದವನ ಚಾರ್ಜ್. ಕೊನೆಗೆ ಫೌಲ್ ಮಾಡಿದ ತಂಡದ ಬುಟ್ಟಿ ಕಡೆ ಮುಷ್ಟಿ ತೋರಿಸಿದರೆ ಟೀಮ್ ಕಂಟ್ರೋಲ್ ಫೌಲ್, ಫ್ರೀ ಥ್ರೋ ಕೇಳೋಕೆ ಹೋಗಬೇಡಿ.